ನೆಲ ಉಜ್ಜುವವನ ಲೆಕ್ಕ

ಸೋಮವಾರ ಬೆಳಿಗ್ಗೆ ಆರಕ್ಕೆ ಬಂದು
ಜಿಮ್ಮಿನ ದೀಪಗಳನ್ನು ಒಂದೊಂದಾಗಿ ಹಾಕಿದೆ.
ಪೂರ್ತಿ ಬೆಳಗಲು ಅವಕ್ಕೂ ಹೊತ್ತು ಬೇಕು, ನನ್ನ ಮೊಣಕಾಲಿನ ಹಾಗೆ.
ಮೇಪಲ್ ಹಲಗೆಯ ನಡುವೆ
ಒಂದು ಬೆಟ್ಟ, ಬೆಟ್ಟದ ಸುತ್ತ ಎಂಟು ನಕ್ಷತ್ರ.
ಬಳಿದವನು ನಾನೇ, ಎಂಬತ್ತೇಳರ ಆಗಸ್ಟಿನಲ್ಲಿ.
ಅಳಿಸು ಎಂದು ಚೀಟಿ ಬಂದಿರುವುದೂ ನನಗೇ.

ಎಂಟು ಊರು, ಎಂಟು ಕಾಲೇಜು, ಒಂದು ಕೂಟ.
ಗೋಧಿಯ ಗುಡ್ಡಗಳ ನಡುವೆ ಬಸ್ಸಿನಲ್ಲಿ ಹೋಗಿ
ಸೋತು, ಬರ್ಗರ್ ತಿಂದು, ಬೈದುಕೊಂಡು
ಅದೇ ರಾತ್ರಿ ಸ್ವಂತ ಹಾಸಿಗೆಗೆ ಮರಳುವಷ್ಟು ದೂರ.
ಅದಕ್ಕಿಂತ ದೂರದವರ ಜೊತೆ ಹಗೆ ಯಾಕಯ್ಯಾ
ಅನ್ನುತ್ತಿದ್ದ ಬಸ್ಸಿನ ಆರ್ವಿಡ್.

ಮೊದಲು ಹೋದದ್ದು ಹಾರ್ಲನ್ ಸ್ಟೇಟ್.
ಟೀವಿಯವರು ಹೆಚ್ಚು ಕೊಟ್ಟರಂತೆ.
ಅದರ ನಕ್ಷತ್ರದ ಮೇಲೆ ಕಂದು ಬಳಿದೆ
ನೆಲದಲ್ಲಿ ನೆಲವಾಗುವ ಹಾಗೆ.
ಮರುವರ್ಷ ಎರಡು. ಆಮೇಲೆ ಫೋನು ಬಂದಾಗಲೆಲ್ಲ
ಹೆಂಡತಿ ಒಲೆ ಸಣ್ಣ ಮಾಡಿ ಕೇಳುತ್ತಿದ್ದಳು:
ಇವತ್ತು ಯಾರು ಹೋದರು?
ಆಸ್ಪತ್ರೆಯ ಸುದ್ದಿ ಕೇಳಿದ ಹಾಗೆ.

ಕಾಯುತ್ತ ಕೂತರೆ ಕೈಗೆ ಚಿಪ್ಪು ಎಂದು
ಕೊನೆಗೆ ನಾವೂ ಹೋದೆವು.
ಹೊಸ ಕೂಟದ ಹೆಸರು 'ಸಾಗರ ಹತ್ತು'.
ಸೇರಿದವರು ಹದಿನೇಳು.
ಸಾಗರ ನಮಗೆ ನಾನೂರು ಮೈಲಿ.
ಹತ್ತು ಅಂದರೆ ಎಣಿಕೆಯಲ್ಲ, ಅದೊಂದು ಬ್ರ್ಯಾಂಡ್
ಎಂದರು ಅಧ್ಯಕ್ಷೆ, ಸಭೆಯಲ್ಲಿ, ನಗದೇ.
ಗಣಿತದ ಲಿಂಡ್‌ಕ್ವಿಸ್ಟ್ ಒಬ್ಬರೇ ಎದ್ದು ಹೊರಗೆ ಹೋದರು,
ಬಾಯಾರಿತ್ತೋ ಏನೋ.

ಆರ್ವಿಡ್‌ಗೆ ಕೇಕು ಕತ್ತರಿಸಿ, ಗಡಿಯಾರ ಕೊಟ್ಟು ಕಳಿಸಿದರು.
ವಿಮಾನಕ್ಕೆ ಅವನ ಲೈಸೆನ್ಸ್ ನಡೆಯುವುದಿಲ್ಲವಲ್ಲ.
ವಾಲಿಬಾಲಿನ ಯಾರೆಲಿ ಒಚೋವಾ
ಮಂಗಳವಾರ ರಾತ್ರಿ ಫ್ಲಾರಿಡಾದಲ್ಲಿ ಆಡಿ
ಗುರುವಾರದ ರಸಾಯನಶಾಸ್ತ್ರ ಪರೀಕ್ಷೆಗೆ
ಡೆನ್ವರ್ ನಿಲ್ದಾಣದ ಕಾರ್ಪೆಟ್ಟಿನ ಮೇಲೆ ಮಲಗಿ ಓದಿದಳು.
ಅವಳಪ್ಪ ಸೇಬಿನ ಪ್ಯಾಕಿಂಗ್ ಶೆಡ್ಡಿನಿಂದ ನೇರ ಬರುತ್ತಿದ್ದ,
ಮೂರನೇ ಸಾಲು, ಟೋಪಿ ತೊಡೆಯ ಮೇಲೆ.
ಈಗ ಫೋನಿನಲ್ಲಿ ನೋಡುತ್ತಾನೆ.
ನೆಟ್‌ವರ್ಕ್ ಕೈಕೊಟ್ಟು ಚಿತ್ರ ನಿಲ್ಲುತ್ತದೆ,
ಅವಳು ನೆಗೆದ ಹೊತ್ತಿಗೇ.
ಗಾಳಿಯಲ್ಲೇ ಇರುತ್ತಾಳೆ ಮಗಳು.
ಇಳಿದಳೋ ಇಲ್ಲವೋ
ಎಂದು ಫೋನನ್ನು ಕಿಟಕಿಗೆ ಹಿಡಿಯುತ್ತಾನೆ.

ಯಂತ್ರ ಚಾಲೂ ಮಾಡಿದೆ. ಮೊದಲ ಸುತ್ತಿಗೆ ಒರಟು ಕಾಗದ.
ವಾರ್ನಿಶು ಹೋಯಿತು, ಜೊತೆಗೆ
ನಾನು ಬಳಿದ ಕಂದೂ ಹೋಯಿತು.
ಅಡಿಯಿಂದ ಎದ್ದಿತು ಹಾರ್ಲನ್. ಅದರ ಪಕ್ಕಕ್ಕೆ ಇನ್ನೊಂದು, ಮತ್ತೊಂದು.
ಎಷ್ಟೋ ವರ್ಷದ ಮೇಲೆ ಎಂಟೂ ಒಟ್ಟಿಗೆ,
ಮಾಸಿದ್ದರೂ ಮೂಲೆ ಚೂಪಾಗಿಯೇ ಇದ್ದವು.
ಯಂತ್ರ ನಿಲ್ಲಿಸಿ ಥರ್ಮಾಸಿನ ಕಾಫಿ ಕುಡಿದೆ.
ಲೋಟ ಖಾಲಿಯಾಯಿತು.
ಎರಡನೇ ಸುತ್ತಿಗೆ ನಯದ ಕಾಗದ.

ಇನ್ನು ಗಂಟೆಯ ವಿಷಯ.
ಹಳೇ ರೈಲಿನ ಗಂಟೆ, ಒಂದು ಕಡೆ ಸೀಳು.
ಮೂವತ್ತೆಂಟು ಮೈಲಿಯಾಚೆಯ ಕೆಸ್ಟ್ರೆಲ್ ಫಾಲ್ಸಿನವರು
ಪಂದ್ಯದ ಹಿಂದಿನ ರಾತ್ರಿ ಬಂದು ಕದಿಯಬೇಕು,
ಮರುವರ್ಷ ನಾವು. ಅದು ಪದ್ಧತಿ.
ಎರಡು ಸಲ ನನ್ನ ಕೈಗೇ ಸಿಕ್ಕಿಬಿದ್ದಿದ್ದರು ಹುಡುಗರು.
ಬೈದು, ಮೆಟ್ಟಿಲವರೆಗೆ ನಾನೂ ಒಂದು ಕೈ ಹಿಡಿದೆ,
ಅಷ್ಟು ಭಾರ ಅದು.
ಅವರೀಗ ಬೇರೆ ಕೂಟ, ನಾವು ಬೇರೆ.
ಕದಿಯಲು ಪಂದ್ಯ ಬೇಕು.
ಪಂದ್ಯವಿಲ್ಲದೆ ಕದ್ದರೆ ಅದು ಕಳ್ಳತನ.

ಗಂಟೆ ಸ್ಟೋರ್ ರೂಮಿನಲ್ಲಿದೆ, ಹಳೇ ಬಲೆಗಳ ಕೆಳಗೆ.
ಈ ವರ್ಷ ಅವರ ಸರದಿ.
ಹಿಂಬಾಗಿಲಿನ ಚಿಲಕ ಸಡಿಲಾಗಿದೆ, ತಳ್ಳಿದರೆ ಸಾಕು.
ನನಗೆ ಬಂದ ಚೀಟಿಯಲ್ಲಿ ಇರುವುದು ನೆಲ ಮಾತ್ರ.
ಚಿಲಕದ ಬಗ್ಗೆ ಯಾರೂ ಏನೂ ಬರೆದಿಲ್ಲ.