ಟೇಬಲ್ ನಂಬರ್ ಗೊತ್ತಿಲ್ಲ

ಗಿರ್ಗೋಲ್ ಅಂಕಲ್,
ಎರಡು ಕಡೆ ಸೀಟು ಬಂದಿದೆ.
ಒಂದು ಜಬಲ್‌ಪುರ.
ಇನ್ನೊಂದು ಮಡಿಕೇರಿ, ನೀವಿರುವ ಕಾಲೇಜು.

ನಾಳೆ ಸಂಜೆ ಐದರೊಳಗೆ ಯಾವುದೆಂದು ಹೇಳಬೇಕು,
ಹೇಳದಿದ್ದರೆ ಎರಡೂ ಇಲ್ಲವಂತೆ.
ವಿರಾಜಪೇಟೆಗೆ ನನಗಿಂತ ಹೆಚ್ಚು ಅವಸರ.
ಮೀನು ಕೊಯ್ಯುವ ಹಂಸ ಕಾಕ ಕತ್ತಿ ನಿಲ್ಲಿಸಿ ಕೇಳುತ್ತಾರೆ:
"ಡಾಕ್ಟ್ರೇ, ಎಲ್ಲಿಗೆ?"
ಟ್ಯೂಷನ್ನಿನ ಚರ್ಮಣ ಸರ್‌ಗೆ ಅನುಮಾನವೇ ಇಲ್ಲ:
"ಹಳೇ ಕಾಲೇಜು ಹಳೇ ಕಾಲೇಜೇ.
ರೋಗಿಗಳ ಸಾಲು ನೋಡಿಯೇ ಅರ್ಧ ವಿದ್ಯೆ ಬರುತ್ತೆ."
ಅತ್ತೆಯ ಫೋನು: ಅಲ್ಲಿ ಬರೀ ಚಪಾತಿ ಕಣೇ.
ಅಪ್ಪ ಭೂಪಟದ ಮೇಲೆ
ಇಲ್ಲಿಂದ ಅಲ್ಲಿಗೆ ಗೇಣು ಹಾಕಿದರು.
ಒಂದೂವರೆ ಗೇಣು.
ಆಮೇಲೆ ಏನೂ ಹೇಳದೆ ಪಿಕಪ್ ತೊಳೆಯಲು ಹೋದರು.

ನಿಮಗೆ ಈ ಗೋಳು ಇರಲಿಲ್ಲ.
ರ‍್ಯಾಂಕ್ ಇಲ್ಲದೆ, ಫೀಸಿಲ್ಲದೆ,
ಎರಡು ಸಾಕ್ಷಿ ಹಾಕಿಸಿ ಸೀಟು ಮಾಡಿಕೊಂಡಿರಿ.
ಸಾಕ್ಷಿಗಳಲ್ಲಿ ಒಬ್ಬಳು ನನ್ನಮ್ಮ.
"ಮೂವತ್ತೆಂಟು ವರ್ಷ ಊರವರ ಸೊಂಟಕ್ಕೆ ಚುಚ್ಚಿದ್ದೇನೆ,
ಇನ್ನು ಅವರ ಮಕ್ಕಳು ನನಗೆ ಚುಚ್ಚಲಿ" ಅಂದಿರಿ.
ಎಲ್ಲರೂ ನಕ್ಕರು. ಅಮ್ಮ ನಗಲಿಲ್ಲ.
ಪಾದ್ರಿಗಳು ತುಂಬ ಹೊತ್ತು ಸುಮ್ಮನಿದ್ದು
"ಎಬ್ಬಿಸುವ ದಿನ ದೇವರಿಗೆ ವಿಳಾಸ ತಿಳಿದಿರುತ್ತದೆ" ಅಂದರು.
ಕಾರ್ಮಿನ್ ಆಂಟಿಯ ಪಕ್ಕದ ಜಾಗ ಹಾಗೇ ಇದೆ,
ಗರಿಕೆ ಬೆಳೆದಿದೆ.

ಹೃದಯಕ್ಕೆ ನಾಲ್ಕು ಕೋಣೆ ಎಂದು ತೋರಿಸಿದವರು ನೀವು,
ಒಂದು ಭಾನುವಾರ, ಅಡಿಗೆಮನೆಯ ಮಣೆಯ ಮೇಲೆ, ಕೋಳಿಯದು.
ಆಮೇಲೆ ಅದನ್ನೇ ಸಾರಿಗೆ ಹಾಕಿದಿರಿ.
ನಾನು ತಿನ್ನಲಿಲ್ಲ.
"ಹೀಗಾದರೆ ಡಾಕ್ಟರಾಗೋದು ಹೇಗೆ ಮಗಾ?"

ಈಗ ಇರುವ ಪ್ರಶ್ನೆಯನ್ನು
ಯಾರ ಮುಂದೆಯೂ ಇಡಲಾಗುವುದಿಲ್ಲ.
ಮೊದಲ ದಿನ ಬಟ್ಟೆ ಸರಿಸಿದಾಗ
ಎಡಗೈಯ ಕಿರುಬೆರಳು ಒಳಕ್ಕೆ ಬಾಗಿದ್ದರೆ?
ಸಿರಿಂಜು ಕುದಿಸುವ ಪಾತ್ರೆ ಮಗುಚಿ ಸುಟ್ಟ ಬೆರಳು
ಫಾರ್ಮಲಿನ್ನಿನಲ್ಲಿ ನೆಟ್ಟಗಾಗುವುದಿಲ್ಲ, ಅಲ್ಲವೆ?
ಹೆಸರು ತೆಗೆದು ನಂಬರ್ ಕೊಟ್ಟಿರುತ್ತಾರಂತೆ ನಿಮಗೆ.
ನನಗೂ ಕೊಡುತ್ತಾರೆ.
ನಂಬರು ನಂಬರನ್ನು ಗುರುತು ಹಿಡಿಯಬಾರದೆಂದು
ನಿಯಮವೇನಾದರೂ ಇದೆಯೆ?

ನಿನ್ನೆ ರಾತ್ರಿ ಜಬಲ್‌ಪುರ ಎಂದೇ ಬರೆದಿಟ್ಟಿದ್ದೆ.
ಹಳೇ ಕಾಲೇಜು ಅಂತಲ್ಲ.
ಅಲ್ಲಿಯ ಮೇಜುಗಳ ಮೇಲೆ ಮಲಗಿದವರು ಯಾರೂ
ನನ್ನನ್ನು ಮಗಾ ಎಂದವರಲ್ಲ, ಅದಕ್ಕೆ.
ಬರೆದದ್ದು ಓದಿಕೊಂಡಾಗ ನಾಚಿಕೆಯಾಯಿತು.
ಅವರೂ ಯಾರನ್ನೋ ಹಾಗೆ ಕರೆದಿರಬೇಕು,
ಹಿಂದಿಯಲ್ಲಿ.

ಅಮ್ಮ ಮಾತ್ರ ಏನೂ ಕೇಳಿಲ್ಲ.
ಅಂಗಡಿ ಬಾಗಿಲೆಳೆದ ಮೇಲೂ ಮೆಷಿನ್ ತುಳಿಯುತ್ತಿದ್ದಳು.
ಬಿಳಿ ಕೋಟು.
ಜೇಬಿನ ಮೇಲೆ ಹೆಸರು ಬರುವ ಜಾಗ ಬರಿದು.
"ತೋಳು ಒಂದಿಂಚು ಉದ್ದ ಬಿಟ್ಟಿದ್ದೇನೆ, ಚಳಿಗೆ" ಅಂದಳು.
ಎಲ್ಲಿಯ ಚಳಿ ಅನ್ನಲಿಲ್ಲ.
ನೂಲನ್ನು ಹಲ್ಲಲ್ಲಿ ಕಡಿದು, ಕೋಟನ್ನೇ ನೋಡುತ್ತ,
"ನಾನೂ ಸಹಿ ಹಾಕಿದ್ದೇನೆ" ಅಂದಳು.
ಗೊತ್ತು, ಅಂಕಲ್‌ದಕ್ಕೆ ಸಾಕ್ಷಿ, ಅಂದೆ.
"ಅದಲ್ಲ. ನನ್ನದಕ್ಕೆ."
ಮತ್ತೆ ಮೆಷಿನ್ ಓಡಿತು.

ಇವತ್ತು ನಾಲ್ಕೂಕಾಲಿಗೆ
ಸೈಬರಿನ ಹುಡುಗ ಮೌಸಿನ ಮೇಲೆ ಕೈಯಿಟ್ಟು
ತಿರುಗಿ ನೋಡಿದ. "ಒಮ್ಮೆ ಒತ್ತಿದರೆ ಮುಗೀತು, ಅಕ್ಕ."
ಮಡಿಕೇರಿ ಎಂದೆ.

ನಿಮಗಾಗಿ ಅಲ್ಲ, ತಪ್ಪು ತಿಳಿಯಬೇಡಿ.
ಫೀಸು ಕಮ್ಮಿ. ಆರೂಮುಕ್ಕಾಲಿಗೆ ಬಸ್ಸಿದೆ.
ಅಮ್ಮನ ಮಂಡಿ ಮೊದಲಿನಂತಿಲ್ಲ.
ಒಂದೇ ಕೋರಿಕೆ:
ಮೊದಲ ತಿಂಗಳು ಬೇರೆ ಟೇಬಲಿನಲ್ಲಿರಿ.
ನನ್ನ ಕೈ ನಡುಗುವುದು ನಿಲ್ಲಲಿ.
ಆಮೇಲೆ ಅಂಗೈಯ ಪಾಠಕ್ಕೆ ನಾನೇ ಬರುತ್ತೇನೆ.
ನರ ಸೇದಿಕೊಂಡು ಬೆರಳು ಬಾಗಿದೆ ಅನ್ನುತ್ತಿದ್ದಿರಲ್ಲ,
ನರವಲ್ಲ ಅನ್ನಿಸುತ್ತದೆ ನನಗೆ.
ನೋಡಿ ಹೇಳುತ್ತೇನೆ.