ಜುಂಗು

ವಿದ್ಯಾನಗರ ಲಾಸ್ಟ್ ಸ್ಟಾಪಿನ ಹಿಂದೆ ಹಸಿರು ಗೇಟಿನ ಮನೆ.
ಫೋನಿನಲ್ಲಿ ಸರ್ವಮಂಗಳಮ್ಮ ಹೇಳಿದ್ದು ಇಷ್ಟೇ:
"ಕೊಟ್ರೇಶಿ, ಈ ಮಿಷನ್ನು ಬಟ್ಟೆ ಒಣಗಸಲ್ಲಪ್ಪಾ,
ಹುರಿತತಿ."

ಕೈಯಲ್ಲಿ ಸಾಕ್ಷಿ ಹಿಡಿದೇ ಬಾಗಿಲು ತೆಗೆದರು:
ಮೂರು ವಾರದ ಕೂಸಿನ ಕುಲಾವಿ.
ನೆತ್ತಿಯ ಮೇಲೆ, ಕಸೂತಿ ನವಿಲಿನ ಬಾಲದ ಹತ್ತಿರ,
ಒಂದು ರೂಪಾಯಿ ಅಗಲ
ರೊಟ್ಟಿ ಸೀದ ಬಣ್ಣ.

ಆಷಾಢದ ಜಿಟಿಜಿಟಿ. ಎಂಟು ದಿನದಿಂದ
ಹಗ್ಗದ ಮೇಲೆ ಲಂಗೋಟಿಗಳು ಒಣಗದೆ ಮುಗ್ಗುತ್ತಿವೆ.
ಮಗಳ ಮೈದುನ ಹೊಸದು ಕೊಂಡು
ಇತ್ತ ದಾಟಿಸಿದ ಹಳೆಯ ಡ್ರೈಯರು.

ಪ್ಲಗ್ ಕಿತ್ತು, ಅದರ ಬೆನ್ನು ನನ್ನ ಕಡೆ ತಿರುಗಿಸಿ
ಹನ್ನೊಂದು ಸ್ಕ್ರೂ ಬಿಚ್ಚಿದೆ. ಹನ್ನೆರಡನೆಯದು ಇರಲೇ ಇಲ್ಲ.
ನನಗಿಂತ ಮೊದಲು ಯಾರೋ ಬಂದು ಹೋಗಿದ್ದಾರೆ.
ಬಂದವನು ಮಾಡಿದ್ದೂ ಕಂಡಿತು:
ಶೇಂಗಾಬೀಜದ ಗಾತ್ರದ ಫ್ಯೂಸು, ಬಿಸಿ ಮಿತಿಮೀರಿದರೆ
ತಾನು ಸತ್ತು ಮನೆ ಉಳಿಸುವಂಥದ್ದು,
ಸತ್ತಿತ್ತು.
ಅದರ ಎರಡೂ ಕಾಲಿಗೆ ತಾಮ್ರದ ತಂತಿ ಸುತ್ತಿ
ಡೈರೆಕ್ಟ್ ಕೊಟ್ಟಿದ್ದ ಪುಣ್ಯಾತ್ಮ.
ಕಾವಲುಗಾರನ ಹೆಣ ದಾಟಿಕೊಂಡು
ಕರೆಂಟು ಓಡಾಡುತ್ತಿತ್ತು.

"ಐದೇ ನಿಮಿಷಕ್ಕೆ ರೆಡಿ ಮಾಡಿದ್ದ" ಅಂದರು ಅಮ್ಮ.
ಹೌದು, ಅಷ್ಟಕ್ಕೆ ಐದು ನಿಮಿಷ ಸಾಕು.

ಫ್ಯೂಸು ಸುಮ್ಮನೆ ಸಾಯುವುದಿಲ್ಲ.
ಹೊಗೆಗೊಳವೆಯಂಥ ಪೈಪಿನೊಳಗೆ ಮೊಣಕೈವರೆಗೆ ಕೈ ಹಾಕಿದೆ.
ಬಂತು ಜುಂಗು.
ಬೂದು, ಮೆತ್ತಗೆ, ಇಲಿಮರಿಯ ಹಾಗೆ ಬೆಚ್ಚಗೆ,
ಎಳೆದಷ್ಟೂ ಬಂತು:
ಅರಿಶಿನದ ಒಂದು ಪದರ, ಅದರ ಮೇಲೆ ಕೆಂಪು ಟವೆಲಿನದು,
ಸುರುಳಿ ಸುತ್ತಿದ ಉದ್ದ ಕೂದಲು,
ನಡುವೆ ಬಸ್ ಟಿಕೇಟಿನ ತುಣುಕು.
ಮನೆಮಂದಿಯೆಲ್ಲ ದಿನಾ ಒಂಚೂರು ಸವೆದು
ಇಲ್ಲಿ ಕಂಬಳಿಯಾಗಿದ್ದರು.

ಈ ಜುಂಗು ನನಗೆ ಗೊತ್ತು.
ನಮ್ಮವ್ವ ಹಾಲಮ್ಮ ಮಿಲ್ಲಿನಿಂದ ಬಂದಾಗ
ಹುಬ್ಬಿನ ಮೇಲೆ ಇದೇ ಇರುತ್ತಿತ್ತು, ರೆಪ್ಪೆಯ ಮೇಲೂ.
ನಾವು ನಗುತ್ತಿದ್ದೆವು,
ಅವ್ವ ಒಂದೇ ಪಾಳಿಗೆ ಮುದುಕಿಯಾದಳು ಅಂತ.
ಒಳಗೆ ಎಷ್ಟು ಹೋಗಿದೆ ಎಂದು ಯಾರು ಎಳೆದು ನೋಡಿದರು?
ಮಿಲ್ಲಿನ ಸೈರನ್ನು ನಿಂತಮೇಲೂ ಅವಳ ಕೆಮ್ಮು
ಆರು ವರ್ಷ ಮೂರೂ ಪಾಳಿ ದುಡಿಯಿತು.

ಇರಲಿ.
ಪೈಪಿನ ಕೊನೆಯಲ್ಲಿ ಬೆರಳಿಗೆ ಬೇರೆಯದೇ ತಾಗಿತು.
ಜುಂಗಲ್ಲ, ಬಟ್ಟೆ. ಇಳಕಲ್ ಸೀರೆಯ ಸೆರಗು,
ಗಟ್ಟಿ ಉಂಡೆ ಕಟ್ಟಿ ಗೋಡೆಯ ತೂತಿಗೆ ತುರುಕಿದ್ದು.
ಸರ್ವಮಂಗಳಮ್ಮ ನನ್ನ ಮುಖ ನೋಡಲಿಲ್ಲ.
"ಅದು ನಾನೇ ಇಟ್ಟಿದ್ದು. ಥಂಡಿಗಾಳಿ ಬರ್ತಿತ್ತು.
ಮನಿಯಾಗೆ ಬಾಣಂತಿ ಅದಾಳೆ."

ಪಕ್ಕದ ಕೋಣೆಯ ಬಾಗಿಲು ಅರ್ಧ ತೆರೆದಿತ್ತು.
ಲೋಬಾನ, ಬೆಳ್ಳುಳ್ಳಿ, ಕೆಂಡದ ವಾಸನೆ.
ಕಿಟಕಿಗೆ ಕಂಬಳಿ, ಕಿವಿಗೆ ಹತ್ತಿ,
ಮಂಚದ ಮೇಲೆ ಬೆವರಿ ಹೊಳೆಯುವ ಒಂದು ಎಳೆ ಮುಖ.
ಅದು ನನ್ನನ್ನೇ ನೋಡುತ್ತಿತ್ತು,
ಇನ್ನೇನು ಬಿಚ್ಚುತ್ತೀಯ ಅನ್ನುವ ಹಾಗೆ.

ಹುಡುಗನಾಗಿ ಮಂಡಕ್ಕಿ ಭಟ್ಟಿಯಲ್ಲಿ ಮರಳು ಕೆದಕಿದವನು ನಾನು.
"ಬಿಸಿ ತಪ್ಪಲ್ಲಮ್ಮ" ಅಂದೆ, ಸ್ವಲ್ಪ ಗಟ್ಟಿಯಾಗಿಯೇ,
"ಹೋಗಕ್ಕೆ ದಾರಿ ಇರಬೇಕು, ಅಷ್ಟೆ.
ಭಟ್ಟಿಗೂ ಒಂದು ಚಿಮಣಿ ಇರ್ತತಿ."
ಮಿಷನ್ನಿನ ಬಗ್ಗೆಯೇ ಹೇಳಿದ್ದು.

ತಂತಿ ಕಿತ್ತೆ. ಹೊಸ ಫ್ಯೂಸು ಕೂರಿಸಿದೆ.
ಹನ್ನೆರಡನೆಯ ಸ್ಕ್ರೂ ನನ್ನ ಡಬ್ಬಿಯಿಂದ.
ಒದ್ದೆ ಲಂಗೋಟಿ ತುಂಬಿ, ಚಾಲೂ ಮಾಡಿ,
ಹೊರಗೆ ಹೋಗಿ ಗೋಡೆಯ ತೂತಿಗೆ ಅಂಗೈ ಒಡ್ಡಿದೆ:
ತುಂತುರಿನ ನಡುವೆ ಸೋಪಿನ ವಾಸನೆಯ ಬೆಚ್ಚನೆ ಉಸಿರು.

ಎರಡು ಮಾರು ಆಚೆಗೆ ಕಿಟಕಿ
ಚಿಲಕ ಸರಿಯಿತು. ನಾಲ್ಕು ಬೆರಳು ತೆರೆಯಿತು.
ಹಸಿರು ಬಳೆಯ ಕೈಯೊಂದು ಹೊರಬಂದು
ಮಳೆಗೆ ಒಡ್ಡಿಕೊಂಡು ಹಾಗೇ ನಿಂತಿತು.
ನಾನು ನೋಡಲಿಲ್ಲ.

ಹೊರಡುವಾಗ ಅಮ್ಮ ಸೆರಗಿನ ತುಂಡು ವಾಪಸು ಕೇಳಿದರು,
"ನನ್ನ ಬಾಣಂತನದ ಸೀರೆ ಅದು."
ಮೆಟ್ಟಿಲ ಮೇಲೆ ನಿಂತು ಜೋರಾಗಿ ಕೊಡವಿದರು.
ಹಾರಿದ ಜುಂಗು ಬಂದು ನನ್ನ ಹುಬ್ಬಿನ ಮೇಲೆ ಕೂತಿತು.
ಒರೆಸಿಕೊಳ್ಳದೆ
ಗಾಡಿ ಕಿಕ್ ಹೊಡೆದೆ.