ಭರಣಿಯಲ್ಲಿ ತಿಳಿದದ್ದು

ತಳೇಗಾವಿನ ಈ ಮನೆಯ ಹಿತ್ತಲಲ್ಲಿ
ಹತ್ತಡಿ ಉದ್ದ, ಆರಡಿ ಅಗಲ, ಮೊಣಕಾಲುದ್ದ ಆಳ.
ಹೊಂಡವೆಂದರೆ ಇಷ್ಟೇ.
ತೋಡಿಸಿದವಳು ನಾನು, ನೈದಿಲೆಯ ಆಸೆಗೆ.
ತುಂಬಿದ ದಿನದಿಂದ ನೀರಿಗೆ
ಹಾಲು ಹೆಚ್ಚಾದ ಚಹದ ಬಣ್ಣ;
ಅದ್ದಿದ ಕೈ ಮಣಿಕಟ್ಟಿಗೇ ಮಾಯ.

"ಗಢೂಳ ಆಹೇ," ಅಂದರು ಬೇಲಿಯಾಚೆಯ ಶೇವಂತಾಬಾಯಿ,
"ನಿವಳೇಲ್ ಹೋ, ನಿವಳೇಲ್."
ಎರಡು ಅಮಾವಾಸ್ಯೆ ಕಳೆದವು.
ನಿವಳಲಿಲ್ಲ.

ಲೋಕಲ್ ಹಿಡಿದು ಹೋಗಿ ರವಿವಾರ ಪೇಟೆಯಿಂದ
ಐದು ಕಿಲೊ ಪಟಿಕ ಹೊತ್ತು ತಂದೆ.
ಮಣ್ಣಿನ ಕಣಕ್ಕೆ ಕಣ ಆಗಿಬರುವುದಿಲ್ಲವಂತೆ,
ಒಂದನ್ನೊಂದು ದೂಡುತ್ತ ನಡುನೀರಲ್ಲೇ ನಿಲ್ಲುತ್ತವಂತೆ
ಪಾಲಾಗದ ಮನೆಯ ಅಣ್ಣತಮ್ಮಂದಿರ ಹಾಗೆ;
ಪಟಿಕ ಬಿದ್ದರೆ ಒಟ್ಟುಗೂಡಿ ಕೂರುತ್ತವಂತೆ.
ಕೂತವು, ಒಂದು ಸಂಜೆಯ ಮಟ್ಟಿಗೆ.
ಇಳಿಬಿಟ್ಟ ಬಿಳಿ ಬಸಿ ತಳದಲ್ಲಿ ಕಂಡಿತು
ಅಂಚಿನ ಹೂವಿನ ಸಮೇತ.
ಬೆಳಗಾದರೆ ಮತ್ತೆ ಚಹ.

ಜಿಪ್ಸಮ್ ಎರಚಿದೆ. ಹುಲ್ಲು ತುಂಬಿದ ಗೋಣಿ ಮುಳುಗಿಸಿದೆ. ಮತ್ತೆ ಪಟಿಕ.
ಬಾತುಕೋಳಿಯಿಲ್ಲ, ಮೀನಿಲ್ಲ, ಮಳೆಯೂ ಇಲ್ಲ.
ಆ ವಾರವೇ ಅತ್ತೆ ಹಿಮ್ಮಡಿ ಉರಿ ಅಂದದ್ದು.
ಒಡಕಿಗೆ ಕೋಕಮ್ ತುಪ್ಪ ಕಾಸಿ ಕೊಟ್ಟೆ.

ಕೊನೆಗೆ, ಉಪ್ಪಿನಕಾಯಿ ಮುಗಿದ ಗಾಜಿನ ಭರಣಿಗೆ
ಹೊಂಡದ ನೀರು ತುಂಬಿ ಅಡುಗೆಮನೆಯ ಕಿಟಕಿಯಲ್ಲಿಟ್ಟೆ.
ಮುಟ್ಟಬೇಡ, ಅಂತ ನನಗೇ ಹೇಳಿಕೊಂಡೆ.
ಗುರುವಾರದ ಹೊತ್ತಿಗೆ ತಳದಲ್ಲಿ ಎರಡು ಬೆರಳು ಮಣ್ಣು,
ಮೇಲಿನ ನೀರಿನಾಚೆ
ಹಲ್ಲಿಯ ಕಾಲ್ಬೆರಳು ಎಣಿಸಬಹುದು.
ಅಂದರೆ ಮಣ್ಣಿನ ತಪ್ಪಿಲ್ಲ.
ಯಾರೋ ಕಲಕುತ್ತಿದ್ದಾರೆ.

ನಾಲ್ಕೂವರೆಗೆ ಎದ್ದು, ದೀಪ ಹಾಕದೆ
ಹಿತ್ತಲ ಬಾಗಿಲ ಸಂದಿಗೆ ಕಣ್ಣಿಟ್ಟೆ.
ನಾಯಿ ಅಂದುಕೊಂಡಿದ್ದೆ.
ಸೀರೆ ಮೊಣಕಾಲಿಗೆತ್ತಿ ಕಟ್ಟಿ, ದಡದ ಬಾಳೆಯ ದಿಂಡು ಹಿಡಿದು
ಅತ್ತೆ ತುಳಿಯುತ್ತಿದ್ದರು.
ಹಿಮ್ಮಡಿ ಒತ್ತಿ, ತಿರುವಿ, ಮತ್ತೆ ಒತ್ತಿ,
ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ,
ಬಾಯಲ್ಲಿ ಏನೋ ಲೆಕ್ಕ.
ಅಕ್ಕಲಕೋಟೆಯ ಕುಂಬಾರ ಮಳಸಿದ್ಧಪ್ಪನ ಮಗಳು.
ಮದುವೆಯ ಹಿಂದಿನ ಸಂಜೆಯೂ ತುಳಿದಿದ್ದರಂತೆ
ಅರಿಶಿನ ಹಚ್ಚಿದ ಕಾಲಲ್ಲೇ.
ಒಮ್ಮೆ ಮಾತ್ರ ಹೇಳಿದ್ದರು, ಹಪ್ಪಳ ಲಟ್ಟಿಸುತ್ತ.
ಆಮೇಲೆ ಐವತ್ತೆಂಟು ವರ್ಷ
ದೇಹೂ ರೋಡಿನ ಕ್ವಾರ್ಟರ್ಸಿನ ಸಿಮೆಂಟು, ಇಲ್ಲಿಯ ಟೈಲ್ಸು.

ಒಳಗೆ ಬಂದು ಮಲಗಿದೆ.
ಚಹದ ಹೊತ್ತಿಗೆ, ತೊಳೆದ ಕಾಲು ಬಿಸಿಲಿಗೆ ಚಾಚಿ
ಅವರೇ ಕೇಳಿದರು:
"ಏನವಾ, ನೀರು ತಿಳೀತೇನು?"
"ತಿಳೀತ್ರೀ ಅತ್ತಿ."
ಅವರು ಕಿಟಕಿಯ ಭರಣಿಯತ್ತ ನೋಡಿದರು.
ನಾನು ಬಸಿಯನ್ನೇ ನೋಡುತ್ತಿದ್ದೆ.

ಉಳಿದ ಪಟಿಕ ಸ್ಟೇಶನ್ ರಸ್ತೆಯ ಕ್ಷೌರದಂಗಡಿಗೆ ಹೋಯಿತು.
ನೈದಿಲೆಗೆ ಒಂದು ಟಬ್ಬು ತಂದೆ, ನೀಲಿಯದು.
ಹೊಂಡದ ದಡಕ್ಕೊಂದು ಬಿದಿರು ಹುಗಿದೆ,
ಸೊಂಟದೆತ್ತರಕ್ಕೆ, ಗಿಣ್ಣು ಹೆರೆದು.
ಬಾಳೆಯ ದಿಂಡು
ಇಬ್ಬನಿಗೆ ಜಾರುತ್ತದೆ.